ಮನೆಯಲ್ಲೂ ಕ್ಲಾಸಲ್ಲೂ ಒಂದೇ ಉತ್ತರ: "ಅದೇ"

ಬಳಪದ ಪುಡಿ | ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಇದು ಗೋಳಿನ ಪೋಸ್ಟ್ ಅಲ್ಲ. ಆದರೆ ಗೋಳಿನಿಂದಲೇ ಶುರು ಮಾಡಬೇಕು, ಬೇರೆ ದಾರಿ ಇಲ್ಲ.

ತುಮಕೂರು ಜಿಲ್ಲೆಯ ಒಂದು ಹಳ್ಳಿ. ಅಲ್ಲಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರ್. ಒಂದರಿಂದ ಮೂರರವರೆಗೆ ನಲಿ-ಕಲಿ, ಅಂದರೆ ಮೂರೂ ತರಗತಿ ಒಟ್ಟಿಗೆ ಕೂತು ಕಾರ್ಡ್ ಹಿಡಿದು ಆಡುತ್ತಾ ಕಲಿಯೋದು. ಒಂದೇ ಕೋಣೆ, ಹತ್ತೊಂಬತ್ತು ಮಕ್ಕಳು. ನನ್ನ ಮಗನೂ ಅದೇ ಕೋಣೆಯಲ್ಲಿ ಎರಡನೇ ಕ್ಲಾಸು. ಗೇಟಿನ ಒಳಗೆ ಟೀಚರ್, ಗೇಟಿನ ಆಚೆ ಅಮ್ಮ ಅಂತ ನಮ್ಮಿಬ್ಬರಲ್ಲಿ ಒಪ್ಪಂದ ಆಗಿದೆ. ಒಮ್ಮೊಮ್ಮೆ ನಡುರಾತ್ರಿ ನಿದ್ದೆಗಣ್ಣಲ್ಲಿ ಎದ್ದು "ಟೀಚರ್, ಒಂದಕ್ಕೆ" ಅಂತ ಕಿರುಬೆರಳು ಎತ್ತುತ್ತಾನೆ.

ಜುಲೈನಲ್ಲಿ ನಮ್ಮತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು. ಆಸ್ಪತ್ರೆ, ಫಿಸಿಯೋ, ಎಣ್ಣೆ ತಿಕ್ಕೋದು ಎಲ್ಲ ಆಗಿ ಈಗ ಕೋಲು ಹಿಡಿದು ಓಡಾಡುತ್ತಾರೆ. ಮಾತು ಮಾತ್ರ ಹೋಯಿತು. ಪೂರ್ತಿ ಹೋಗಲಿಲ್ಲ, ಒಂದು ಮಾತು ಉಳಿಯಿತು. "ಅದೇ".

ನೀರು ಬೇಕಾದರೆ ಅದೇ. ಟೀವಿ ಆರಿಸಿ ಅನ್ನೋಕೂ ಅದೇ. ಸಾರಿಗೆ ಉಪ್ಪು ಜಾಸ್ತಿ ಆಗಿದ್ದರೆ ಸ್ವಲ್ಪ ಉದ್ದದ ಅದೇ. ನಮ್ಮನೆಯವರು ಪಾಪ ಮೊದಲ ವಾರ ಪ್ರತಿ ಅದೇಗೂ ಒಂದು ಲೋಟ ನೀರು ತಂದುಕೊಟ್ಟರು. ಒಂದು ಸಂಜೆ ಎಂಟನೇ ಲೋಟ ನೋಡಿ ಅತ್ತೆ ಲೋಟವನ್ನೂ ಮಗನನ್ನೂ ಒಂದೇ ಸಲ ನೋಡಿದ ರೀತಿ ಇದೆಯಲ್ಲ, ಅದಕ್ಕೆ ಮಾತೇ ಬೇಕಿರಲಿಲ್ಲ. ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ನಕ್ಕ ಮೇಲೆ ಅಳು ಬಂತು. ಆಮೇಲೆ ಮುದ್ದೆ ತೊಳಸಿದೆ. ಮಾಡಲೇಬೇಕಲ್ಲ.

2025ರ ದಸರಾ ರಜೆಯಲ್ಲಿ ಸರ್ಕಾರದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ಇತ್ತಲ್ಲ, 60 ಪ್ರಶ್ನೆ. ನಾನು ಪಕ್ಕದೂರಿನಲ್ಲಿ ಮನೆ ಮನೆ ಸುತ್ತುತ್ತಿದ್ದೆ. ನಮ್ಮನೆಗೆ ಬಂದವರೂ ಒಬ್ಬ ಮೇಷ್ಟ್ರೇ. ನಮ್ಮನೆಯವರು ತೋಟದಲ್ಲಿದ್ದರಂತೆ. ಜಗಲಿಯಲ್ಲಿದ್ದ ಅತ್ತೆಯನ್ನೇ ಕೇಳಿದ್ದಾರೆ. ಧರ್ಮ? ಅದೇ. ಜಾತಿ? ಅದೇ. ಉಪಜಾತಿ? ಅದೇ. ಕಸುಬು? ಅದೇ. ಮೇಷ್ಟ್ರು ಮೊಬೈಲ್ ಕೆಳಗಿಟ್ಟು "ಅಮ್ಮಾ, ಇಷ್ಟು ಸಲೀಸಾಗಿ ಯಾರೂ ಉತ್ತರ ಕೊಟ್ಟಿರಲಿಲ್ಲ, ಆದರೆ ಆ್ಯಪ್ ಇದನ್ನ ತಗೊಳ್ಳಲ್ಲ" ಅಂದರಂತೆ. ಪಕ್ಕದ ಮನೆಯವರು ಈಗಲೂ ಹೇಳಿಕೊಂಡು ನಗುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ಮನೆಗೆ ಬಂದರೆ ಅತ್ತೆ "ಅದೇ". ಕ್ಲಾಸಿಗೆ ಹೋದರೆ ಅಲ್ಲೊಬ್ಬಳು ಆರು ವರ್ಷದವಳಿದ್ದಾಳೆ, ಆಗಸ್ಟ್‌ನಲ್ಲಿ ಸೇರಿದವಳು. ಅವಳಿಗೆ ಅದೇ ಕೂಡ ಇಲ್ಲ. ಯಾದಗಿರಿ ಕಡೆಯವರು, ಅಪ್ಪ-ಅಮ್ಮ ಗಾರೆ ಕೆಲಸಕ್ಕೆ ಬಂದಿದ್ದಾರೆ. ಕಾರ್ಡ್ ತಪ್ಪಿಲ್ಲದೆ ಜೋಡಿಸುತ್ತಾಳೆ, ಬರೆಯುತ್ತಾಳೆ. ಬಾಯಿ ಬಿಡಲ್ಲ. ಎರಡು ಕಡೆಯೂ ಬಾರದ ಮಾತಿಗೆ ಕಾಯುತ್ತಾ ನನಗೆ ಸುಸ್ತಾಗಿದೆ. ನೀವೆಲ್ಲ ಹೇಗೆ ನಗುತ್ತೀರಿ, ಯಾವುದರ ಮೇಲೆ ನಂಬಿಕೆ ಇಟ್ಟುಕೊಂಡು ಬೆಳಗ್ಗೆ ಏಳುತ್ತೀರಿ, ಹೇಳಿ ನೋಡೋಣ.

ಕರಾವಳಿ ಟೀಚರಮ್ಮ

ಎಂಟನೇ ಲೋಟ ಓದಿ ಸ್ಟಾಫ್ ರೂಮಲ್ಲಿ ಚಾ ಚೆಲ್ಲಿಕೊಂಡೆ ಮಾರಾಯ್ರೆ.

ನಂಬಿಕೆ ಕೇಳಿದಿರಲ್ಲ. ನಮ್ಮ ಹೈಸ್ಕೂಲಲ್ಲಿ ಐದಾರು ವರ್ಷದ ಹಿಂದೆ ಒಬ್ಬ ಹುಡುಗ ಇದ್ದ. ಗಣಿತ ಅಂದರೆ ಅವನಿಗೂ ನಮಗೂ ಜ್ವರ. ಎಸ್ಸೆಸ್ಸೆಲ್ಸಿ ರಿಸಲ್ಟಿನ ಹಿಂದಿನ ದಿನ ನಾನು ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿದೆ. ಗಣಿತದ ಮೇಡಂ ದೇವಸ್ಥಾನದಲ್ಲಿ ಹಣ್ಣುಕಾಯಿ ಮಾಡಿಸಿದರು. ಹಿಂದಿ ಸರ್ ನಮಾಜಿನಲ್ಲಿ ಅವನ ಹೆಸರು ಹೇಳಿದರಂತೆ. ಮೂರೂ ಕಡೆಯಿಂದ ಅರ್ಜಿ ಹೋಯಿತು ಅಂತ ಲೆಕ್ಕ. ಹುಡುಗನಿಗೆ ಸರಿಯಾಗಿ 35 ಬಂತು. ಸ್ವೀಟ್ ಬಾಕ್ಸ್ ಹಿಡಿದುಕೊಂಡು ಬಂದವನು ಹೇಳಿದ್ದೆಂತ ಗೊತ್ತುಂಟಾ? "ಟೀಚರೇ, ಒಂದು ಮಾರ್ಕೂ ವೇಸ್ಟ್ ಮಾಡಲಿಲ್ಲ."

ಈಗ ಅವನ ಮೀನಿನ ಲಾರಿ ಉಂಟು. ರಸ್ತೆಯಲ್ಲಿ ಕಂಡರೆ ಹಾರ್ನ್ ಹೊಡೆದು ಊರಿಡೀ ತಿರುಗಿ ನೋಡುವ ಹಾಗೆ ಮಾಡ್ತಾನೆ.

ಅತಿಥಿ ಮೇಷ್ಟ್ರು

ಕ್ಷಮಿಸಿ, ನಾನು ಸ್ವಲ್ಪ ಖಾರ ಮಾತಾಡುವವನು. ನಾನು ಅತಿಥಿ ಶಿಕ್ಷಕ. ಗೌರವಧನ ತಿಂಗಳುಗಟ್ಟಲೆ ಬರಲ್ಲ, ಬಂದಾಗ ಸಾಲಕ್ಕೆ ಹೋಗುತ್ತದೆ, ಗೌರವ ಒಂದೇ ಉಳಿಯುತ್ತದೆ. ಹೀಗಿರುವಾಗ "ನಗು ಹುಡುಕಿ" ಅಂದರೆ ಸಿಟ್ಟು ಬರುತ್ತದೆ. ನಗು ಹಂಚಿದರೆ ಅಂಗಡಿಯವನು ಅಕ್ಕಿ ಕೊಡಲ್ಲ.

ಇನ್ನೊಂದು ವಿಷಯ. ನಾನು ಯಾದಗಿರಿ ಕಡೆಯವನೇ. ಆ ಹುಡುಗಿ ಮಾತಾಡಲ್ಲ ಅಂದಿರಿ. ಮನೆಯಲ್ಲಿ ಮಾತಾಡುತ್ತಾಳಾ? ಕೇಳಿದ್ದೀರಾ? ನಮ್ಮ ಕಡೆ ಮಗು ಸುಮ್ಮನೆ ಸುಮ್ಮನಾಗಲ್ಲ ಮೇಡಂ. ನಿಮ್ಮ ಕಡೆ ನಾವು ಬಾಯಿ ತೆರೆದರೆ ಮೊದಲು ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ತುಮಕೂರಿನಲ್ಲೇ ಡಿ.ಎಡ್ (ಟೀಚರ್ ಕೋರ್ಸು) ಮಾಡಿದ್ದು ನಾನು. ಎರಡು ವರ್ಷ "ಏನ್ರೀ, ಹೌದ್ರೀ" ಅಂತ ನನ್ನ ಮಾತು ನನಗೇ ಆಡಿ ತೋರಿಸುತ್ತಿದ್ದರು.

ಬಳಪದ ಪುಡಿ

ಮೇಷ್ಟ್ರೇ, ನಿಮ್ಮ ಮಾತು ಓದಿ ಫೋನ್ ಪಕ್ಕಕ್ಕಿಟ್ಟು ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಹೇಳದೆ ಬಿಟ್ಟಿದ್ದನ್ನ ಈಗ ಹೇಳುತ್ತೇನೆ.

ಮೊದಲ ದಿನ ಅವಳು ಮಾತಾಡಿದ್ದಳು. ಬಿಸಿಯೂಟದ ಹೊತ್ತಿಗೆ ಎದ್ದು ನಿಂತು, ಗಟ್ಟಿಯಾಗಿ, "ನನಗ ನೀರ್ ಬೇಕ್ರಿ ಯವ್ವಾ" ಅಂದಳು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನನಗೂ ನಗು ಬಂತು. ಅದು ಕುಹಕದ ನಗು ಅಲ್ಲ, ಮುದ್ದಾಗಿತ್ತು, ಅದಕ್ಕೆ ಬಂತು. ಆದರೆ ಆರು ವರ್ಷದವಳಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು? ಟೀಚರ್ ನಕ್ಕರು ಅಷ್ಟೇ. ಅವತ್ತು ಕೂತವಳು ಮತ್ತೆ ಬಾಯಿ ತೆರೆದಿಲ್ಲ. ಹೋದ ತಿಂಗಳು ಅವರಮ್ಮನನ್ನ ಕೇಳಿದೆ. "ಮನ್ಯಾಗ ಬಾಯಿ ಮುಚ್ಚಂಗಿಲ್ರಿ" ಅಂದರು.

ಅತ್ತೆಯ ಮೇಲೂ ನಕ್ಕೆ, ಅವಳ ಮೇಲೂ ನಕ್ಕೆ. ಒಂದು ನಗುವಿನಿಂದ ಮನೆ ಹಗುರಾಯಿತು, ಇನ್ನೊಂದರಿಂದ ಒಂದು ಬಾಯಿ ಮುಚ್ಚಿತು.

ಅತಿಥಿ ಮೇಷ್ಟ್ರು

ಇಷ್ಟು ಒಪ್ಪಿಕೊಂಡವರನ್ನ ನಾನು ಕಡಿಮೆ ನೋಡಿದ್ದೇನೆ. ಸಿಟ್ಟು ಇಳಿಯಿತು. ಗೌರವಧನದ ಸಿಟ್ಟು ಹಾಗೇ ಇದೆ.

ಒಂದು ಕೆಲಸ ಮಾಡಿ. ಅವಳ ಮಾತು ನೀವು ಕಲಿಯಿರಿ. ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ, ತಾತನಿಗೆ ಮುತ್ಯಾ. ರೊಟ್ಟಿ ಜೊತೆ ತಿನ್ನೋದು ಪುಂಡಿಪಲ್ಯ. "ಇದೆ" ಅನ್ನೋಕೆ "ಅದ". ಕ್ಲಾಸಲ್ಲಿ ನೀವೇ ತಪ್ಪು ತಪ್ಪಾಗಿ ಆಡಿ. ಈ ಸಲ ಅವಳು ನಗಲಿ.

ಮಾತು ಚಿಕಿತ್ಸೆ

ನಾನು ವಾಕ್ ಚಿಕಿತ್ಸಕಿ, ಓದಿದ್ದು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ. ನಿಮ್ಮತ್ತೆಯ ವಿಷಯಕ್ಕೆ ಬರುತ್ತೇನೆ. ಇದಕ್ಕೆ ಅಫೇಸಿಯಾ ಅಂತಾರೆ. ಹೆಚ್ಚಿನವರಿಗೆ ಮಾತಿನ ಕೆಲಸ ಮೆದುಳಿನ ಎಡಭಾಗದಲ್ಲಿ ನಡೆಯುತ್ತದೆ. ಬಲಗೈ ಬಲಗಾಲನ್ನ ಆಡಿಸುವುದೂ ಆ ಭಾಗವೇ. ಅದಕ್ಕೇ ಎರಡೂ ಒಟ್ಟಿಗೆ ಹೋದವು. ಬುದ್ಧಿ ಹೋಗಿಲ್ಲ, ದಯವಿಟ್ಟು ಇದನ್ನ ಮನೆಯವರಿಗೆಲ್ಲ ಹೇಳಿ. ಏನು ಹೇಳಬೇಕು ಅಂತ ಅವರಿಗೆ ಗೊತ್ತು. ಪದ ಕೈಗೆ ಸಿಗಲ್ಲ, ಅಷ್ಟೇ.

ಒಂದೇ ಮಾತು ಉಳಿಯುವುದು ಹೊಸದೇನಲ್ಲ. 1861ರಲ್ಲಿ ಪ್ಯಾರಿಸ್‌ನಲ್ಲಿ ಪಾಲ್ ಬ್ರೋಕಾ ಎಂಬ ವೈದ್ಯರು ನೋಡಿದ ರೋಗಿ ಏನು ಕೇಳಿದರೂ "ಟ್ಯಾನ್" ಅಂತ ಮಾತ್ರ ಹೇಳುತ್ತಿದ್ದ. ಆಸ್ಪತ್ರೆಯಲ್ಲಿ ಅವನ ಹೆಸರೇ ಟ್ಯಾನ್ ಆಗಿಹೋಗಿತ್ತು. ಅವನು ತೀರಿಕೊಂಡ ಮೇಲೆ ಮೆದುಳು ನೋಡಿದರೆ ಎಡಗಡೆ ಮುಂಭಾಗ ಹಾಳಾಗಿತ್ತು. ಆ ಜಾಗಕ್ಕೆ ಇವತ್ತಿಗೂ ಬ್ರೋಕಾ ಹೆಸರೇ.

ಪರೀಕ್ಷೆ ಮಾಡಿ ನೋಡಿ. ಪದ ಬಾರದವರಿಗೂ ಎಷ್ಟೋ ಸಲ ಬಾಯಿಪಾಠ ಬರುತ್ತದೆ. ಒಂದು ಎರಡು ಮೂರು ಎಣಿಸೋದು, ವಾರದ ಹೆಸರು, ದೇವರ ನಾಮ, ಹಾಡು. ಮತ್ತೆ, ಹೇಳಿದರೆ ನಗಬೇಡಿ, ಬೈಗುಳ. ಅವರು ಪದ ಹುಡುಕುವಾಗ ನೀವು ಮುಂದೆ ಬಿದ್ದು ವಾಕ್ಯ ಮುಗಿಸಬೇಡಿ. ಕಾಯಿರಿ. ಹತ್ತಿರದ ಚಿಕಿತ್ಸಕರನ್ನ ಒಮ್ಮೆ ಕಾಣಿಸಿ, ಬರೀ ಮನೆಮದ್ದಿನಲ್ಲಿ ಬಿಡಬೇಡಿ.

ರಾತ್ರಿ ಪಾಳಿ ನರ್ಸ್

ಇದನ್ನ ಓದುತ್ತಿರುವ ಎಲ್ಲರಿಗೂ ಒಂದೇ ಮಾತು. ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ, ಅದೇ ಕ್ಷಣ ದೊಡ್ಡ ಆಸ್ಪತ್ರೆಗೆ ಹೊರಡಿ. ರಕ್ತ ಹೆಪ್ಪುಗಟ್ಟಿ ಆಗಿದ್ದರೆ ಕರಗಿಸುವ ಇಂಜೆಕ್ಷನ್‌ಗೆ ಇರುವುದು ಸುಮಾರು ನಾಲ್ಕೂವರೆ ಗಂಟೆ. ಸೊಪ್ಪಿನ ರಸ ಹುಡುಕಿಕೊಂಡು ಹೋಗಿ ಮಾರನೇ ದಿನ ನಮ್ಮ ಹತ್ತಿರ ಬಂದವರನ್ನ ತುಂಬ ನೋಡಿದ್ದೇನೆ. ಚರ್ಚೆ ಮುಂದುವರಿಸಿ.

ಬಳಪದ ಪುಡಿ | ಆರು ದಿನ ಆದ ಮೇಲೆ

ಬೈಗುಳದ ವಿಷಯ ನಿಜ ಮೇಡಂ!! ಎರಡು ಉದ್ಗಾರ ಗುರುತು ಬೇಕಂತಲೇ ಹಾಕಿದ್ದೇನೆ, ತಪ್ಪಲ್ಲ.

ಮೊದಲು ದೇವರ ವಿಷಯ. ನಮ್ಮ ಮನೆದೇವರು ಎಡೆಯೂರು ಸಿದ್ಧಲಿಂಗೇಶ್ವರ. ಜುಲೈನಿಂದ ನನಗೆ ದೇವರ ಮೇಲೆ ಕೋಪ. ದೀಪ ಹಚ್ಚುತ್ತಿದ್ದೆ, ಆದರೆ ಮುಖ ನೋಡುತ್ತಿರಲಿಲ್ಲ. ಸೋಮವಾರ ಸಂಜೆ ನೀವು ಹೇಳಿದಿರಿ ಅಂತ ಅತ್ತೆಯ ಹಣೆಗೆ ವಿಭೂತಿ ಹಚ್ಚಿ, ಪಕ್ಕದಲ್ಲಿ ಕೂತು "ಓಂ ನಮಃ" ಅಂತ ಅರ್ಧಕ್ಕೆ ನಿಲ್ಲಿಸಿದೆ. "ಶಿವಾಯ" ಅಂದರು. ಸ್ಪಷ್ಟವಾಗಿ. ನಾನು ಮತ್ತೆ ಶುರು ಮಾಡೋಕೆ ಮುಂಚೆ ಅವರೇ ಪೂರ್ತಿ ಹೇಳಿದರು, ಐದು ಸಲ, ಹತ್ತು ಸಲ, ಎಲ್ಲೂ ತೊಡರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಆ ಗಂಟಲಿನಿಂದ ಅಷ್ಟು ಮಾತು ಕೇಳಿದೆ. ನಮ್ಮನೆಯವರು ಕೊಬ್ಬರಿ ಚೀಲ ಹೊಲಿಯುತ್ತಿದ್ದವರು ಸೂಜಿ ಹಿಡಿದುಕೊಂಡೇ ಓಡಿ ಬಂದರು. ಎಲ್ಲರೂ ಅತ್ತೆವು. ಆಮೇಲೆ ಅತ್ತೆ ನನ್ನ ಕಡೆ ತಿರುಗಿ ವಿಭೂತಿ ಗಟ್ಟಿ ತೋರಿಸಿ "ಅದೇ" ಅಂದರು. ಸರಿ, ವಾಪಸ್ ಅದೇ.

ಬುಧವಾರ ಬೈಗುಳ. ಬೆಕ್ಕು ಹಾಲಿಗೆ ಬಾಯಿ ಹಾಕಿತು. ಅತ್ತೆ ಕೋಲು ಎತ್ತಿ "ಥೂ ಮೂದೇವಿ, ನಿನ್ ಮನೆ ಹಾಳಾಗ!" ಒಂದೇ ಉಸಿರಿಗೆ. ಮಗ ಚಪ್ಪಾಳೆ ತಟ್ಟಿಬಿಟ್ಟ. ಅತ್ತೆಗೂ ತಾನು ಹೇಳಿದ್ದು ತನಗೇ ಕೇಳಿಸಿ ನಗು ಬಂತು. ಅವರು ನಕ್ಕ ಮೇಲೆ ನಾನು ನಕ್ಕೆ. ಈಗ ಈ ಲೆಕ್ಕ ಕಟ್ಟುನಿಟ್ಟು.

ಬೆಕ್ಕಿಗೆ ಅವತ್ತು ಎರಡನೇ ಸಲ ಹಾಲು ಹಾಕಿದೆವು.

ಇನ್ನೊಂದು. ಮಗ ಶಾಲೆಯಿಂದ ಹಳೇ ನಲಿ-ಕಲಿ ಕಾರ್ಡ್ ತಂದು ಅಜ್ಜಿಗೆ ಪಾಠ ಶುರು ಮಾಡಿದ್ದಾನೆ. ನಮ್ಮಲ್ಲಿ ಅ ಆ ಇ ಈ ಕ್ರಮ ಇಲ್ಲ, ಮೊದಲು ಬರೋದು ರ, ಗ, ಸ, ದ, ಅ. ಅಷ್ಟರಲ್ಲೇ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಅತ್ತೆ ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ಲಾಟೀನಿನ ಬೆಳಕಲ್ಲಿ ಸಹಿ ಕಲಿತವರು. ಇವನು ಅವರ ಎಡಗೈಗೆ ಪೆನ್ನಿನಲ್ಲಿ ಸ್ಟಾರ್ ಹಾಕುತ್ತಾನೆ. ನಲಿ-ಕಲಿಯಲ್ಲಿ ಮಕ್ಕಳನ್ನ "ತಟ್ಟೆ" ಅನ್ನೋ ಗುಂಪುಗಳಲ್ಲಿ ಕೂರಿಸುತ್ತೇವೆ, ಮೊದಲು ಟೀಚರ್ ಸಹಾಯದ್ದು, ಆಮೇಲೆ ಸಹಪಾಠಿ ಸಹಾಯದ್ದು. "ಅಜ್ಜಿ ಈಗ ಟೀಚರ್ ತಟ್ಟೆಯಲ್ಲಿ ಇದ್ದಾರೆ, ಮುಂದಿನ ತಿಂಗಳು ಸಹಪಾಠಿ ತಟ್ಟೆಗೆ ಹಾಕ್ತೀನಿ" ಅಂತ ವರದಿ ಬೇರೆ. ಮೊನ್ನೆ ಊಟದ ಹೊತ್ತಲ್ಲಿ ದೂರು ಬಂತು: "ಅಮ್ಮಾ, ನಿಮ್ಮತ್ತೆ ಹೋಮ್‌ವರ್ಕ್ ಮಾಡಿಲ್ಲ."

ಮಾತು ಚಿಕಿತ್ಸೆ

ಬೆಕ್ಕಿಗೆ ನನ್ನ ಕಡೆಯಿಂದಲೂ ಸ್ವಲ್ಪ ಹಾಲು.

ಒಂದು ಎಚ್ಚರಿಕೆ. ಮೊಮ್ಮಗ ಆಡಿಸಿದರೆ ಚೆಂದ, ಆದರೆ ದೊಡ್ಡವರು ಅವರನ್ನ ಮಗುವಿನ ಹಾಗೆ ನೋಡಬೇಡಿ. ಅಕ್ಷರ ಓದಿಸಿದರೆ ಮಾತು ಬರುತ್ತದೆ ಅಂತಲೂ ಇಲ್ಲ. ಅವರು ದಿನಾ ಮುಟ್ಟಿದ ವಸ್ತು ಕೈಗೆ ಕೊಟ್ಟು ಹೆಸರು ಕೇಳಿ.

ಬಳಪದ ಪುಡಿ

ಒಪ್ಪಿದೆ. ನಿಜ ಹೇಳಬೇಕೆಂದರೆ ಒಂದು ದಿನ ನಾನೂ ಕ್ಲಾಸಿನ ದನಿಯಲ್ಲಿ "ಎಲ್ಲಿ, ಹೇಳಿ ನೋಡೋಣ" ಅಂದೆ. ಕಾರ್ಡ್ ಹಾರಿ ಹೋಗಿ ಒಲೆ ಪಕ್ಕ ಬಿತ್ತು. ಈಗ ಮುದ್ದೆಕೋಲು, ಒನಕೆ, ಮೊರ ಕೊಡುತ್ತೇನೆ. ಮುದ್ದೆಕೋಲು ಕೈಗೆ ಬಂದರೆ ಹಿಡಿಯುವ ಗತ್ತೇ ಬೇರೆ. "ಮು... ಮು..." ಅಂತ ಬಂದು ನಿಂತಿದೆ.

ಕನ್ನಡ ಕ್ಲಾಸ್ ಅಪ್ಪ, ನ್ಯೂಜೆರ್ಸಿ

ನಾವು ಇಲ್ಲಿ ವಾರಕ್ಕೊಂದು ದಿನ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇವೆ. "ನನ್ನ ಅಜ್ಜಿ" ಬಗ್ಗೆ ಐದು ವಾಕ್ಯ ಬರೆಯಿರಿ ಅಂದೆ. ನನ್ನ ಮಗಳು ಬರೆದ ಮೊದಲ ವಾಕ್ಯ: "ನನ್ನ ಅಜ್ಜಿ ವಾಟ್ಸಾಪ್‌ನಲ್ಲಿ ವಾಸವಾಗಿದ್ದಾರೆ." ಎಲ್ಲರೂ ನಕ್ಕೆವು. ಆ ರಾತ್ರಿ ಟಿಕೆಟ್ ಬುಕ್ ಮಾಡಿದೆ. ಬೇಸಿಗೆ ರಜೆಗೆ ಬರುತ್ತಿದ್ದೇವೆ.

ಡಯಟ್ ಹಳಬ

ಡಯಟ್ ಅಂದರೆ ಟೀಚರ್‌ಗಳಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆ, ನಾನು ಅಲ್ಲಿಂದ ನಿವೃತ್ತ, ಆದ್ದರಿಂದ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾದಾಗ ಎಷ್ಟೋ ಜನ "ಇದೇನು ಆಟ" ಅಂತ ನಕ್ಕಿದ್ದರು. ಅದಕ್ಕೂ ಮುಂಚೆ ನಮ್ಮ ಮೇಷ್ಟ್ರುಗಳು ಆಂಧ್ರದ ಋಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನ ನೋಡಿಕೊಂಡು ಬಂದಿದ್ದರು. ಅದರಲ್ಲಿ ನನಗೆ ಹಿಡಿಸಿದ್ದು ಕಲಿಕಾ ಏಣಿ. ಮಗು ಹದಿನೈದು ದಿನ ಸುಗ್ಗಿಗೆ ಹೋದರೂ, ಗುಳೆ ಹೋಗಿ ಬಂದರೂ, ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. "ಎಲ್ಲರೂ ಮುಂದೆ ಹೋದರು, ನೀನೊಬ್ಬಳು ಹಿಂದೆ" ಅಂತ ಯಾರೂ ಹೇಳುವ ಹಾಗಿಲ್ಲ. ಹಾಳೆ ತುಂಬಿಸುವ ಗಡಿಬಿಡಿಯಲ್ಲಿ ಇದನ್ನೇ ಮರೆತವರೂ ಇದ್ದಾರೆ, ಅದು ಬೇರೆ ಮಾತು.

ಕಾಯುವುದರ ಬಗ್ಗೆ ಚಿಕಿತ್ಸಕಿ ಮೇಡಂ ಹೇಳಿದರಲ್ಲ. 1970ರ ದಶಕದಲ್ಲಿ ಅಮೆರಿಕದ ಮೇರಿ ಬಡ್ ರೋ ಎಂಬುವರು ಕ್ಲಾಸುಗಳ ಟೇಪ್ ಕೇಳಿ ಕೇಳಿ ಒಂದು ವಿಷಯ ಕಂಡುಕೊಂಡರು. ಟೀಚರ್ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸುಮಾರು ಒಂದು ಸೆಕೆಂಡ್. ಅದನ್ನ ಮೂರು ಸೆಕೆಂಡ್ ಮಾಡಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದವರು ಬಾಯಿ ಬಿಡುತ್ತಾರೆ. ತರಬೇತಿಯಲ್ಲಿ ಇದನ್ನ ಇಪ್ಪತ್ತು ವರ್ಷ ಹೇಳಿದೆ. "ಅರ್ಥ ಆಯ್ತಾ?" ಅಂತ ಕೇಳಿ ಉತ್ತರಕ್ಕೆ ಕಾಯದೆ ಮುಂದಿನ ಸ್ಲೈಡಿಗೆ ಹೋಗುತ್ತಿದ್ದೆ. ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಅತಿಥಿ ಮೇಷ್ಟ್ರು

ಮೂರು ಸೆಕೆಂಡ್ ಕಾಯೋದು ಕಷ್ಟ ಅಲ್ಲ ಸಾರ್, ನಾವು ಮೂರು ತಿಂಗಳು ಕಾಯುವವರು.

ಕರಾವಳಿ ಟೀಚರಮ್ಮ

😂 ಇವರಿಗೆ ಯಾರಾದರೂ ಬೇಗ ಸಂಬಳ ಹಾಕಿ ಮಾರಾಯ್ರೆ, ಇಲ್ಲದಿದ್ದರೆ ಹೀಗೇ ಒಳ್ಳೊಳ್ಳೆ ಮಾತು ಬರ್ತಾ ಇರ್ತದೆ.

ರಾತ್ರಿ ಪಾಳಿ ನರ್ಸ್

ತಿಂಗಳಾಯಿತು, ಟೀಚರ್ ಸುದ್ದಿ ಇಲ್ಲ. ಅಜ್ಜಿ ಹೇಗಿದ್ದಾರೆ?

ಬಳಪದ ಪುಡಿ

ಇದ್ದಾರೆ, ಇದ್ದಾರೆ. ಬರೆಯೋಕೆ ಪುರುಸೊತ್ತು ಇರಲಿಲ್ಲ. ಇವತ್ತು ಬರೆಯಲೇಬೇಕು.

ಮೇಷ್ಟ್ರು ಹೇಳಿದ ಹಾಗೆ ಕ್ಲಾಸಲ್ಲಿ ಯಾದಗಿರಿ ಮಾತು ಆಡೋಕೆ ಶುರು ಮಾಡಿದ್ದೆ. ಹವಾಮಾನ ನಕ್ಷೆ ತುಂಬುವಾಗ "ಇವತ್ತು ಬಿಸಿಲು ಅದ" ಅಂತೀನಿ. ಮಿಕ್ಕ ಮಕ್ಕಳೂ ಈಗ "ಅದ ಅದ" ಅಂತ ಕುಣಿಯುತ್ತಾರೆ. ಅವಳು ತುಟಿ ಬಿಗಿಹಿಡಿದು ನಗು ತಡೆಯುವುದು ಕಾಣಿಸುತ್ತಿತ್ತು. ಮಾತು ಇಲ್ಲ. ನಾನು ಒಂದು, ಎರಡು, ಮೂರು ಎಣಿಸುವುದು, ಸುಮ್ಮನಾಗುವುದು.

ನಿನ್ನೆ ನಮ್ಮನೆಯವರು ಕೊಬ್ಬರಿ ಹಾಕೋಕೆ ತಿಪಟೂರಿಗೆ ಹೋಗಿದ್ದರು. ಅತ್ತೆಯನ್ನ ಒಬ್ಬರನ್ನೇ ಬಿಡೋಕೆ ಆಗಲ್ಲ. ಹೆಡ್ ಮೇಷ್ಟ್ರನ್ನ ಕೇಳಿ, ಶಾಲೆಗೆ ಕರೆದುಕೊಂಡು ಬಂದು ಕುರ್ಚಿ ಹಾಕಿ ಕೂರಿಸಿದೆ. ಅರ್ಧ ಗಂಟೆ ಕೂತರು. ಆಮೇಲೆ ಕುರ್ಚಿ ಬೇಡ ಅಂತ ಕೈಸನ್ನೆ ಮಾಡಿ, ಗೋಡೆ ಹಿಡಿದು ಇಳಿದು ಚಾಪೆ ಮೇಲೆ ಕೂತರು. ಕೂತಿದ್ದು ಎಲ್ಲಿ ಅಂದರೆ ಅವಳ ಪಕ್ಕ. ನಾನು ಹೇಳಿದ್ದಲ್ಲ, ಅಲ್ಲಿ ಬಿಸಿಲು ಬೀಳುತ್ತಿತ್ತು, ಅದಕ್ಕೆ ಇರಬೇಕು.

ಚಾಪೆ ಮೇಲೆ ಕಾರ್ಡ್ ಹರಡಿತ್ತು. ಅತ್ತೆ ಒಂದನ್ನ ಎಡಗೈಲಿ ಎತ್ತಿ ಅವಳಿಗೆ ತೋರಿಸಿ "ಅದೇ?" ಅಂದರು. ಗರಗಸದ ಚಿತ್ರ. ಅವಳು ನೋಡಿದಳು. ನಾನು ಮೂರನೇ ಕ್ಲಾಸಿನವರಿಗೆ ಲೆಕ್ಕ ಹಾಕಿಸುತ್ತಿದ್ದವಳು ಬಳಪ ಹಿಡಿದ ಕೈ ಹಲಗೆ ಮೇಲೇ ಬಿಟ್ಟು ನಿಂತೆ. ಅತ್ತೆ ಮತ್ತೆ "ಅದೇ?" ಅಂದರು. ಇವಳು ಕಾರ್ಡ್ ಕಿತ್ತುಕೊಂಡು, ಇಡೀ ಕೋಣೆಗೆ ಕೇಳುವ ಹಾಗೆ,

"ಅದೇ ಅಲ್ಲ ಬೇ ಆಯಿ, ಗರಗಸ ಅದ!"

ಯಾರೂ ನಗಲಿಲ್ಲ. ಮೊದಲು ನಕ್ಕಿದ್ದು ಅತ್ತೆ. ಆಮೇಲೆ ಅವಳು. ಆಮೇಲೆ ಕೋಣೆಗೆ ಕೋಣೆಯೇ.

ಮಧ್ಯಾಹ್ನದವರೆಗೂ ಇಬ್ಬರದ್ದೂ ನಡೆದೇ ಇತ್ತು. ಅವಳು ಇಡೀ ಯಾದಗಿರಿಯ ಕಥೆ ಹೇಳುತ್ತಿದ್ದಳು. ಅವರ ಮನೆ ಆಡು, ಮುತ್ಯಾನ ಹಲ್ಲು, ಯಾರೋ ಬಾವಿಗೆ ಚಪ್ಪಲಿ ಬೀಳಿಸಿದ್ದು. ಅತ್ತೆ ಸರಿಯಾದ ಜಾಗ ನೋಡಿ "ಅದೇ" ಹಾಕುತ್ತಿದ್ದರು. ಅಷ್ಟು ಚೆನ್ನಾಗಿ ಕಥೆ ಕೇಳುವವರು ನಮ್ಮ ಇಲಾಖೆಯಲ್ಲೇ ಇಲ್ಲ. ಅತ್ತೆಗೆ ಹೊಸ ಮಾತು ಏನಾದರೂ ಬಂತಾ ಅಂತ ಕೇಳಬೇಡಿ. ಗರಗಸ ಬರಲಿಲ್ಲ. ಸಂಜೆ ಮುದ್ದೆ ಬಡಿಸುವಾಗ ಮಾತ್ರ "ಉಪ್ಪು... ಅದ" ಅಂದರು. ಜಾಸ್ತಿ ಅಂತಲೋ ಕಡಿಮೆ ಅಂತಲೋ ಗೊತ್ತಾಗಲಿಲ್ಲ.

ಅತಿಥಿ ಮೇಷ್ಟ್ರು

ಆ ಸಾಲು ನಾಲ್ಕು ಸಲ ಓದಿದೆ. ಮನೆಯವರಿಗೂ ಓದಿ ಹೇಳಿದೆ. ತುಮಕೂರಿನ ಅಜ್ಜಿ ಬಾಯಲ್ಲಿ ನಮ್ಮ "ಅದ". ನನ್ನ ಡಿ.ಎಡ್ ಸಾಲ ತೀರಿತು ಅಂದುಕೊಳ್ಳುತ್ತೇನೆ.

ಡಯಟ್ ಹಳಬ

ಆ ಹೊತ್ತಿಗೆ ಶಾಲೆ ನೋಡೋಕೆ ಇಲಾಖೆಯ ಸಿಆರ್‌ಪಿ ಬಂದಿದ್ದರೆ ಏನು ಮಾಡುತ್ತಿದ್ದಿರಿ?

ಬಳಪದ ಪುಡಿ

ಬಂದಿದ್ದರು ಸಾರ್! ಹನ್ನೆರಡಕ್ಕೆ ಸರಿಯಾಗಿ. ಚಾಪೆ ಮೇಲೆ ಕೂತ ಅತ್ತೆಯನ್ನ ನೋಡಿ "ಇವರು ಯಾರು?" ಅಂದರು. ನಾನು ಬಾಯಿ ತೆರೆಯೋಕೆ ಮುಂಚೆ ನನ್ನ ಮಗ ಎದ್ದು ಕೈ ಕಟ್ಟಿಕೊಂಡು ಹೇಳಿದ: "ಹೊಸ ಅಡ್ಮಿಷನ್ ಸಾರ್. ಟಿಸಿ ಇನ್ನೂ ಬಂದಿಲ್ಲ."